ಹೆಚ್ಚು ತೊಳೆದ ತುಂಡು

ಸ್ಲೈಡಿನ ಮೇಲೆ ಕೆಂಪು ಬಿಟ್ಟರೆ ಬೇರೇನೂ ಇರಲಿಲ್ಲ. ಅಕ್ಕ ಮೈಕ್ರೋಸ್ಕೋಪಿನಿಂದ ತಲೆಯೆತ್ತಿ, ಕಣ್ಣುಜ್ಜಿಕೊಂಡು, ಮತ್ತೆ ಬಗ್ಗಿದಳು. ಹಸಿರು ಇರಬೇಕಿತ್ತು, ಒಂದು ಮೂಲೆಯಲ್ಲಾದರೂ, ಸಾಸಿವೆ ಕಾಳಿನಷ್ಟಾದರೂ. ಇರಲಿಲ್ಲ. ಸ್ಲೈಡಿನ ಮೇಲಿದ್ದ ಚೂರು ತಮ್ಮನ ತೊಡೆಯದು.

ಅವನು ಕಟ್ಟಡಗಳಿಗೆ ಸಾರುವೆ ಕಟ್ಟುವವನು. ಮೇಲಿನಿಂದ ಬಿದ್ದಾಗ ಕಬ್ಬಿಣದ ಸರಳೊಂದು ತೊಡೆಯ ಮಾಂಸವನ್ನು ಬಗೆದು ಹಾಕಿತ್ತು. ಆ ಹಳ್ಳ ತುಂಬಲು ಡಾಕ್ಟರು ಆರಿಸಿಕೊಂಡ ವಸ್ತು ಅಕ್ಕನ ಲ್ಯಾಬಿನಲ್ಲೇ ತಯಾರಾಗುತ್ತಿತ್ತು. ಹಂದಿಯ ಮೂತ್ರಕೋಶವನ್ನು ಸೋಪಿನಂಥ ದ್ರಾವಣದಲ್ಲಿ ನೆನೆಸಿ, ಕುಲುಕಿ, ಅದರ ಜೀವಕೋಶಗಳನ್ನೆಲ್ಲ ತೊಳೆದು ಹಾಕುವುದು ಅವಳ ಕೆಲಸ. ಕೊನೆಗೆ ಉಳಿಯುವುದು ಒದ್ದೆ ಕಾಗದದಂಥ ಒಂದು ಜಾಲರಿ, ಹೊಸ ಮಾಂಸ ಹತ್ತಿ ಬೆಳೆಯಲು ಒಂದು ಬಗೆಯ ಸಾರುವೆ. ಅದನ್ನು ಗಾಯದೊಳಗೆ ಹೊಲಿದರೆ ಮೈಯನ್ನು ಕಾಯುವ ಕೋಶಗಳು ನುಗ್ಗಿ ಬರುತ್ತವೆ. ಮೊದಮೊದಲು ಅವಕ್ಕೆ ಜಗಳವೇ ಕೆಲಸ. ಕಂಡದ್ದನ್ನೆಲ್ಲ ಕಡಿದು ನುಂಗುತ್ತವೆ. ಜಾಲರಿ ಚೆನ್ನಾಗಿದ್ದರೆ, ಅದರಲ್ಲಿ ಉಳಿದುಕೊಂಡ ಸಂಜ್ಞೆಗಳನ್ನು ಓದಿ, ಸ್ವಭಾವ ಬದಲಿಸಿ ದುರಸ್ತಿಗೆ ಇಳಿಯುತ್ತವೆ. ಬಣ್ಣ ಹಾಕಿ ನೋಡಿದರೆ ಜಗಳ ಕೆಂಪು, ದುರಸ್ತಿ ಹಸಿರು.

ಆಪರೇಷನ್ನಿಗೆ ಮೊದಲು ಇದನ್ನು ವಿವರಿಸಲು ಹೋದಾಗ ತಮ್ಮ ಮಲಗಿದ್ದಲ್ಲಿಂದಲೇ ಕೈಯೆತ್ತಿ ತಡೆದಿದ್ದ.

"ಸಾರುವೆ ವಿಷಯ ನಂಗೆ ಹೇಳ್ಕೊಡ್ಬೇಡ ಕಣೇ. ಮೊದ್ಲು ಒಡೆಯೋರು ಬರ್ತಾರೆ, ಆಮೇಲೆ ಅವ್ರೇ ಕರಣೆ ಹಿಡಿದು ಕಟ್ತಾರೆ, ಅಷ್ಟೇ ತಾನೆ? ನಮ್ಮ ಕೆಲಸದಲ್ಲಿ ಅಂಥ ಆಳುಗಳು ಸಿಗಲ್ಲ ಬಿಡು. ಆದ್ರೆ ಒಳಗಿಂದ ಹಂದಿ ಗುರ್ ಅಂದ್ರೆ ನೀನೇ ಜವಾಬ್ದಾರಿ."

ಅಮ್ಮ ಮಾತ್ರ ನಗಲಿಲ್ಲ. ಅಕ್ಕನನ್ನು ವರಾಂಡಕ್ಕೆ ಕರೆದು, ಚೆನ್ನಾಗಿ ತೊಳಿ ಎಂದಷ್ಟೇ ಹೇಳಿದಳು.

ತೊಳೆಯುವುದು ಆ ಮನೆಯ ಕಾಯಿಲೆ. ಅಮ್ಮ ಸೊಪ್ಪನ್ನು ಬಣ್ಣ ಬಿಡುವವರೆಗೆ ತೊಳೆಯುತ್ತಿದ್ದಳು, ಚಿಲ್ಲರೆ ನಾಣ್ಯಗಳನ್ನು ತೊಳೆಯುತ್ತಿದ್ದಳು. ಒಮ್ಮೆ ಮಗನ ಮಾರ್ಕ್ಸ್ ಕಾರ್ಡಿನ ಕಲೆಯನ್ನು ಒದ್ದೆ ಬಟ್ಟೆಯಿಂದ ಉಜ್ಜಿ, ಅವನು ಪಾಸಾಗಿದ್ದ ಎರಡೇ ವಿಷಯಗಳನ್ನೂ ಅಳಿಸಿ ಹಾಕಿದ್ದಳು. ಅಂದಿನಿಂದ ಅವನ ಲೆಕ್ಕದಲ್ಲಿ ಅಮ್ಮ ದೊಡ್ಡ ಸೋಪು, ಅಕ್ಕ ಮರಿ ಸೋಪು.

ಅವನಿಗೆಂದು ನೆನೆಸಿದ್ದ ಜಾಲರಿಯ ತುಂಡು ನಿಯಮದ ಪ್ರಕಾರ ಅಂದು ಸಂಜೆಯೇ ದ್ರಾವಣದಿಂದ ಹೊರಬರಬೇಕಿತ್ತು. ಅಕ್ಕ ಅದನ್ನು ಬೆಳಕಿಗೆ ಹಿಡಿದಳು. ಎಲ್ಲೋ ಒಂದು ನೆರಳು ಕಂಡಂತಾಯಿತು. ಬೇರೆ ಯಾರದೋ ಕಾಲಾಗಿದ್ದರೆ ಲೈಟು ಆರಿಸಿ ಮನೆಗೆ ಹೋಗುತ್ತಿದ್ದಳು. ಇದು ತಮ್ಮನ ಕಾಲು. ಮತ್ತೆ ಮುಳುಗಿಸಿದಳು. ಮರುದಿನವೂ ತೆಗೆಯದೆ, ದ್ರಾವಣವನ್ನು ಇನ್ನಷ್ಟು ಗಟ್ಟಿ ಮಾಡಿದಳು. ಕೊನೆಗೆ ತೆಗೆದಾಗ ತುಂಡು ಹಾಲಿನಂತೆ ಬೆಳ್ಳಗಿತ್ತು. ಅವಳಿಗೆ ಹೆಮ್ಮೆಯೆನಿಸಿತ್ತು. ಅದನ್ನೇ ತಮ್ಮನ ತೊಡೆಯೊಳಗೆ ಹೊಲಿದಿದ್ದರು.

ಆ ಬಿಳುಪೇ ಈಗ ಸ್ಲೈಡಿನಲ್ಲಿ ಕೆಂಪಾಗಿ ಉರಿಯುತ್ತಿತ್ತು. ಅಷ್ಟು ಹೊತ್ತು ನೆನೆದ ಜಾಲರಿಗೆ ಸೋಪು ಕಚ್ಚಿಕೊಂಡಿತ್ತು, ಸಂಜ್ಞೆಗಳು ಕೊಚ್ಚಿಹೋಗಿದ್ದವು. ಒಡೆಯುವವರು ಬಂದಿದ್ದರು, ಕರಣೆ ಹಿಡಿಯಿರಿ ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ.

ತಮ್ಮನ ಬಾವು, ಜ್ವರ ನೋಡಿ ಮಧ್ಯಾಹ್ನ ಡಾಕ್ಟರು ಕಾವಲು ಕೋಶಗಳ ಬಾಯಿ ಮುಚ್ಚಿಸುವ ಔಷಧಿ ಶುರು ಮಾಡುವವರಿದ್ದರು. ಬಾವು ಇಳಿಯುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ, ಒಳಗೆ ತುಂಡು ಸದ್ದಿಲ್ಲದೆ ಕೊಳೆಯುತ್ತದೆ, ಆಮೇಲೆ ಕಾಲು ಹೋಗುತ್ತದೆ. ಕೆಟ್ಟದ್ದು ತುಂಡು ಎಂದು ಡಾಕ್ಟರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಒಬ್ಬಳೇ. ಅದೇ ಮೂತ್ರಕೋಶದ ಇನ್ನೊಂದು ತುಂಡು, ಲ್ಯಾಬಿನ ಜೊತೆಯವಳು ನಿಯಮದಷ್ಟೇ ತೊಳೆದದ್ದು, ಫ್ರಿಜ್ಜಿನಲ್ಲಿತ್ತು.

ವಾರ್ಡಿನಲ್ಲಿ ತಮ್ಮನ ತೊಡೆಗೆ ಹೊದಿಕೆ ತಾಗದಂತೆ ಕಬ್ಬಿಣದ ಕಮಾನು ಇಟ್ಟಿದ್ದರು. ಜ್ವರಕ್ಕೆ ಅವನ ತುಟಿ ಸಿಪ್ಪೆ ಎದ್ದಿತ್ತು.

"ಹಸಿರು ಬಂತಾ?"

ಅವಳು ನಿಂತಲ್ಲೇ, ಮಂಚದ ಕಾಲು ನೋಡುತ್ತ ಎಲ್ಲ ಹೇಳಿದಳು. ಅವನು ಕಮಾನಿನ ಕಡೆ ಮುಖ ತಿರುಗಿಸಿದ.

"ಮಾರ್ಕ್ಸ್ ಕಾರ್ಡಿನ ಗತಿನೇ ಮಾಡಿದ್ಯಲ್ಲೇ," ಎಂದ. ನಗಲಿಲ್ಲ. ಅವಳು ಕೈ ಹಿಡಿಯಲು ಬಂದಾಗ ತನ್ನ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡ. "ಹೋಗಿ ಡಾಕ್ಟ್ರಿಗೆ ಹೇಳು. ಇಲ್ಲಿ ನಿಂತು ಅಳ್ಬೇಡ, ನಂಗೆ ನೋಡೋಕಾಗಲ್ಲ."

ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಮೇಲಿತ್ತು. ಫೋನಿನಲ್ಲಿ ಆ ಔಷಧಿ ಶುರು ಮಾಡಬೇಡಿ ಎಂದು ಹೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇನ್ನೊಮ್ಮೆ ತೆರೆಯಬಹುದು, ಒಮ್ಮೆ ಮಾತ್ರ. ಸುತ್ತಲಿನ ಮಾಂಸ ಬದುಕಿದ್ದರೆ ಹೊಸ ತುಂಡು. ಇಲ್ಲದಿದ್ದರೆ ಅದೇ ಮೇಜಿನ ಮೇಲೆ ಕಾಲು ತೆಗೆಯುವುದು. ಎರಡಕ್ಕೂ ಅವನ ಒಪ್ಪಿಗೆ ಈಗಲೇ ಬೇಕು ಎಂದರು.

"ನಾಳೆಯಿಂದ ನಿಮ್ಮನ್ನ ಲ್ಯಾಬಲ್ಲಿ ಇಟ್ಕೊಳ್ತಾರೆ ಅಂತ ನಾನು ಹೇಳಲಾರೆ. ಇವತ್ತು ನಿಮ್ಮ ಜೊತೆಯವ್ರು ರಜ. ತುಂಡು ನೀವೇ ಸಿದ್ಧ ಮಾಡಿ. ಸಿಸ್ಟರ್ ಪಕ್ಕದಲ್ಲೇ ನಿಂತಿರ್ತಾರೆ."

ಸಿಸ್ಟರು ನಿಂತರು, ಕೈಕಟ್ಟಿಕೊಂಡು, ಪರೀಕ್ಷೆಯ ಕೋಣೆಯಲ್ಲಿ ಮೇಷ್ಟ್ರು ನಿಲ್ಲುವ ಹಾಗೆ. ಅಕ್ಕ ಗ್ಲೌಸು ಹಾಕಿ ತುಂಡನ್ನು ಉಪ್ಪುನೀರಿಗೆ ಬಿಟ್ಟಳು. ನಿಯಮದಷ್ಟೇ ಅಲುಗಾಡಿಸಿದಳು. ಎತ್ತಿದಾಗ ಅದು ಬೆಳ್ಳಗಿರಲಿಲ್ಲ. ಹಳೆಯ ಹಲ್ಲಿನ ಬಣ್ಣ, ಅಂಚಿನಲ್ಲಿ ಒಂದು ನೆರಳು. ಅವಳ ಬಲಗೈ ತನ್ನಷ್ಟಕ್ಕೇ ದ್ರಾವಣದ ಬಾಟಲಿಯ ಕಡೆ ಹೊರಟಿತು. ಎಡಗೈಯಿಂದ ಅದರ ಮಣಿಕಟ್ಟು ಹಿಡಿದುಕೊಂಡಳು.

ಅಷ್ಟರಲ್ಲಿ ಮೊಬೈಲು ಮೊಳಗಿತು. ಅಮ್ಮ. ಸಿಸ್ಟರು ಅದನ್ನು ಎತ್ತಿ ಅವಳ ಕಿವಿಗೆ ಹಿಡಿದರು.

"ಮತ್ತೆ ಕೊಯ್ತಾರಂತಲ್ಲೇ. ಈ ಸಲನಾದ್ರೂ ಚೆನ್ನಾಗಿ ತೊಳ್ದೆಯಾ?"

ತುಂಡು ಕೆಟ್ಟದ್ದು ಯಾರಿಂದ ಎಂದು ಅಮ್ಮನಿಗೆ ತಮ್ಮ ಹೇಳಿರಲಿಲ್ಲ.

"ಇಲ್ಲಮ್ಮ. ತೊಳ್ದಿಲ್ಲ."

ಆ ಕಡೆ ನಲ್ಲಿಯಿಂದ ನೀರು ಬೀಳುವ ಸದ್ದು ಮಾತ್ರ ಕೇಳಿಸುತ್ತಿತ್ತು. ಅಮ್ಮ ಏನನ್ನೋ ತೊಳೆಯುತ್ತಿದ್ದಳು. ಅಕ್ಕ ಇನ್ನೊಮ್ಮೆ ಬೆಳಕಿಗೆ ಹಿಡಿಯದೆ ತುಂಡನ್ನು ಡಬ್ಬಿಗೆ ಹಾಕಿದಳು, ಮುಚ್ಚಳ ಒತ್ತಿದಳು, ಮತ್ತು ಡಬ್ಬಿಯನ್ನು ಬೇಗ ತೆಗೆದುಕೊಂಡು ಹೋಗುವಂತೆ, ತನ್ನ ಕೈಗೆ ಸಿಗದಷ್ಟು ದೂರ ಒಯ್ಯುವಂತೆ, ಸಿಸ್ಟರನ್ನು ಬೇಡಿಕೊಂಡಳು.