ಐವತ್ತು ತಪ್ಪು

“ಹೂಂ, ಮುಂದಿನದನ್ನು ಅದರ ಬಾಯಿಗೆ ಹಾಕು,” ಎಂದರು ಮೇಷ್ಟ್ರು, ಹೆಂಡತಿಯ ಕೈಯಲ್ಲಿದ್ದ ಮೊಬೈಲಿನ ಕಡೆ ಕಣ್ಣೂ ಹಾಯಿಸದೆ. ಸತ್ತ ಇಲಿಯನ್ನು ಹೊರಗೆ ಎಸೆಯಲು ಹೇಳುವವರ ದನಿ ಅದು. ಹೆಂಡತಿ ಒಂದು ರಷ್ಯನ್ ಪದವನ್ನು ಟೈಪ್ ಮಾಡಿದಳು. ಪದದ ಎಲ್ಲ ರೂಪಗಳೂ ಸಾಲಾಗಿ ಬಂದು ನಿಂತವು. ಯಾವ ಅಕ್ಷರವನ್ನು ಒತ್ತಿ ಹೇಳಬೇಕೋ ಅದರ ತಲೆಯ ಮೇಲೊಂದು ಸಣ್ಣ ಗೀಟು. ಮೇಷ್ಟ್ರು ತಮ್ಮ ಕೈಲಿದ್ದ ಚೀಟಿ ನೋಡಿಕೊಂಡರು. ಅಲ್ಲೂ ಗೀಟು ಅದೇ ಜಾಗದಲ್ಲಿತ್ತು. ಮೂರು ದಿನಗಳಲ್ಲಿ ನಾನೂರು ಪದಗಳಾಗಿದ್ದವು. ಇಂಟರ್ನೆಟ್ಟಿನ ಆ ನಿಘಂಟು ಒಂದೇ ಒಂದು ಕಡೆಯೂ ತಪ್ಪಿರಲಿಲ್ಲ.

“ಕದ್ದಿದ್ದಾರೆ. ಯಾವುದೋ ಒಳ್ಳೆ ಪುಸ್ತಕವನ್ನು ಇಡಿಯಾಗಿ ಎತ್ತಿದ್ದಾರೆ,” ಎಂದು ಮೂಗು ಮುರಿದರು.

ಆದರೆ ತಪ್ಪು ಸಿಗಲೇಬೇಕಿತ್ತು. ಇಪ್ಪತ್ತೆರಡು ವರ್ಷ ಮೇಷ್ಟ್ರು ಕಟ್ಟಿದ ರಷ್ಯನ್ ನಿಘಂಟು ಬೂಟಿನ ಡಬ್ಬಿಗಳಲ್ಲಿ ಚೀಟಿಗಳಾಗಿ ಕೂತಿತ್ತು. ಆ ಭಾಷೆಯಲ್ಲಿ ಒತ್ತು ಒಂದು ಕಡೆ ನಿಲ್ಲುವ ಜಾತಿಯದಲ್ಲ. ಒಂದು ಅಕ್ಷರದ ಮೇಲಿದ್ದದ್ದು ಬಹುವಚನ ಬರುವಷ್ಟರಲ್ಲಿ ಇನ್ನೊಂದಕ್ಕೆ ಹಾರಿರುತ್ತದೆ. ಮಾಮೂಲಿ ಪುಸ್ತಕಗಳಲ್ಲಿ ಅದರ ಗುರುತೂ ಇರುವುದಿಲ್ಲ. ಅದನ್ನೆಲ್ಲ ಹಿಡಿದು ಕೂರಿಸಿದವನು ತಾನೊಬ್ಬನೇ ಎಂದು ಮೇಷ್ಟ್ರು ನಂಬಿದ್ದರು. ಅಚ್ಚು ಹಾಕಿಸಲು ಹೋದರೆ ಪ್ರಕಾಶಕ, ಇದೆಲ್ಲ ಈಗ ಫೋನಿನಲ್ಲಿ ಪುಕ್ಕಟೆ ಸಿಗುತ್ತದಲ್ಲ, ಉಚ್ಚಾರವನ್ನೂ ಕೇಳಿಸುತ್ತದಲ್ಲ ಎಂದು ರಾಗ ಎಳೆದ. ಅದರಲ್ಲಿ ಎರಡಕ್ಕೊಂದು ತಪ್ಪು ಎಂದು ಮೇಷ್ಟ್ರು ನಕ್ಕುಬಿಟ್ಟರು. ಪ್ರಕಾಶಕ ಆ ಮಾತನ್ನೇ ಹಿಡಿದುಕೊಂಡ. ಶನಿವಾರದೊಳಗೆ ಐವತ್ತು ತಪ್ಪು ತೋರಿಸಿದರೆ ಅವನ್ನೇ ಹಿಂಬದಿಯ ರಟ್ಟಿನ ಮೇಲೆ ಹಾಕಿ ಪುಸ್ತಕ ತರುತ್ತೇನೆ, ಇಲ್ಲದಿದ್ದರೆ ಬೇಡ ಎಂದ.

ಪ್ರಕಾಶಕನೆಂದರೆ ಮೇಷ್ಟ್ರಿಗೆ ಕಾಗದ ಮಾರುವವನು. ಅವರ ಸಂಜೆಯ ರಷ್ಯನ್ ತರಗತಿಗೆ ಬರುವ ಐದು ಜನ ಗಿಣಿಗಳು. ಭಾಷೆ ಎಂದರೆ ಅದು ಬಾಯಿಂದ ಕಿವಿಗೆ ಬರಬೇಕು. ಮೇಷ್ಟ್ರಿಗೆ ಹಾಗೆ ಬಂದಿತ್ತು. ಹರೆಯದಲ್ಲಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾಗ, ಯಂತ್ರ ಕೂರಿಸಲು ಬಂದಿದ್ದ ರಷ್ಯದ ಫಿಟ್ಟರ್ ಒಬ್ಬನ ಬೆನ್ನಿಗೆ ನಾಲ್ಕು ವರ್ಷ ಬಿದ್ದು ಕಲಿತದ್ದು. ಅವನು ಹೇಳಿದ್ದೇ ವೇದವಾಕ್ಯ. ಮೇಷ್ಟ್ರು ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡಿದ್ದರು. ಅವರ ಅಕ್ಷರ ಬ್ರಹ್ಮನಿಗೂ ಅರ್ಥವಾಗುವಂಥದ್ದಲ್ಲ, ಹಾಗಾಗಿ ಚೀಟಿಗಳಿಗೆ ಅಂದವಾಗಿ ಇಳಿಸಿದವಳು ಹೆಂಡತಿ. ಅವಳಿಗೆ ಭಾಷೆ ಬಾರದು, ಲಿಪಿ ಮಾತ್ರ ಗೊತ್ತು ಎಂಬುದು ಮೇಷ್ಟ್ರ ಲೆಕ್ಕ.

ನಾಲ್ಕನೆಯ ದಿನ ‘ಒಪ್ಪಂದ’ ಎಂಬ ಅರ್ಥದ ಪದ ಬಂತು. ಫಿಟ್ಟರ್ ದಿನಕ್ಕೆ ಹತ್ತು ಸಲ ಆಡುತ್ತಿದ್ದ ಪದ. ಒತ್ತು ಮೊದಲ ಅಕ್ಷರಕ್ಕೆ. ಫೋನಿನಲ್ಲಿ ಗೀಟು ಕೊನೆಯಲ್ಲಿತ್ತು. ಸಿಕ್ಕಿಬಿದ್ದ ನನ್ಮಗ ಎಂದು ಮೇಷ್ಟ್ರು ತೊಡೆ ತಟ್ಟಿಕೊಂಡರು. ಚೀಟಿ ನೋಡಿದರೆ ಅಲ್ಲೂ ಕೊನೆಯಲ್ಲೇ! ಎದ್ದುಹೋಗಿ ಹಳೆಯ ನೋಟ್‌ಬುಕ್ ತೆಗೆದರು. ಅದರಲ್ಲಿ ಸರಿಯಾಗಿ ಮೊದಲ ಅಕ್ಷರದ ಮೇಲಿತ್ತು.

ಅವರ ಪಿತ್ತ ನೆತ್ತಿಗೇರಿತು. ನೋಡಿ ಬರೆಯುವಷ್ಟೂ ಯೋಗ್ಯತೆಯಿಲ್ಲವೇ, ನನ್ನ ಇಪ್ಪತ್ತೆರಡು ವರ್ಷದ ಶ್ರಮಕ್ಕೆ ಕೊಳ್ಳಿ ಇಟ್ಟೆಯಲ್ಲ ಎಂದು ಒಂದೇ ಸಮನೆ ಕೂಗಾಡಿದರು. ಅವರು ಕೂಗಿ ದಣಿಯುವವರೆಗೆ ಹೆಂಡತಿ ಕಾದಳು.

“ತಪ್ಪಿ ಬರೆದದ್ದಲ್ಲ ರೀ. ತಿದ್ದಿದ್ದು.”

“ಎಷ್ಟನ್ನ?”

“ಮುನ್ನೂರ ಹನ್ನೆರಡು.”

ಎರಡು ವರ್ಷದಿಂದ ಅವಳು ಪ್ರತಿ ಪದವನ್ನೂ ಫೋನಿನಲ್ಲಿ ಕೇಳಿ ಚೀಟಿಗೆ ಇಳಿಸುತ್ತಿದ್ದಳು. ಹಳೆಯ ಚೀಟಿಗಳನ್ನೂ ಒಂದೊಂದಾಗಿ ತೆಗೆದು ನೋಡಿದ್ದಳು. ಫಿಟ್ಟರ್ ಆಡಿದ್ದು ಕಾರ್ಖಾನೆಯ ಒರಟು ಮಾತು, ಓದು ಬರಹ ಬಲ್ಲ ಮಂದಿ ಹಾಗೆ ಹೇಳುವುದಿಲ್ಲ ಎಂದು ವಿವರಿಸಿದಳು. ಮೇಷ್ಟ್ರು ಅವಳ ಬಾಯಿ ಮುಚ್ಚಿಸಲೆಂದೇ, ಹಾಗಿದ್ದರೆ ‘ಕೈ’ ಎಂಬ ಪದದ ರೂಪಗಳನ್ನು ಹೇಳು ನೋಡೋಣ ಎಂದರು. ಒತ್ತು ಹಿಂದೆ ಮುಂದೆ ಜಿಗಿಯುವ ಆ ಪದವನ್ನು, ರುಕಾ, ರುಕೀ, ರೂಕು ಎಂದು ಅವಳು ಒಂದೂ ತಪ್ಪದೆ ಹೇಳಿ ಮುಗಿಸಿದಳು. ಅವರ ಐದು ಗಿಣಿಗಳಲ್ಲಿ ಒಂದಕ್ಕೂ ಅದು ಬರುತ್ತಿರಲಿಲ್ಲ.

“ನನಗ್ಯಾಕೆ ಹೇಳಲಿಲ್ಲ?”

“ಮೊದಲನೇದು ಸಿಕ್ಕಿದ ದಿನವೇ ಹೇಳಿದೆ. ನಿನ್ನದು ಬರೆಯೋ ಕೆಲಸ, ತಲೆ ಕೆಲಸ ನನಗಿರಲಿ ಅಂದ್ರಿ. ಆಮೇಲೆ ಹೇಳೋಕೆ ಹೋಗಲಿಲ್ಲ.”

ಮೇಷ್ಟ್ರಿಗೆ ನಾಚಿಕೆಯಾಯಿತು. ಆದರೆ ಅದು ಬೆಳಗಿನವರೆಗೂ ಬಾಳಲಿಲ್ಲ. ಏಳುವಾಗಲೇ ಒಂದು ಉಪಾಯ ಹೊಳೆದಿತ್ತು. ನೋಟ್‌ಬುಕ್ಕಿಗೂ ಫೋನಿಗೂ ಹೊಂದದ ಪದಗಳು ಮುನ್ನೂರಿರುವಾಗ ಐವತ್ತಕ್ಕೆ ಬರವೇ? ಪ್ರಕಾಶಕನಿಗೆ ರಷ್ಯನ್ನಿನ ಗಂಧಗಾಳಿಯಿಲ್ಲ. ಫೋನೇ ತಪ್ಪು ಎಂದರೆ ತಲೆಯಾಡಿಸುತ್ತಾನೆ. ಚೀಟಿಗಳನ್ನು ಆಮೇಲೆ ಹಳೆಯ ಹಾಗೆ ಮಾಡಿಸಿದರಾಯಿತು. ಐವತ್ತು ಪದ ಆರಿಸಿ, ಅಂದವಾಗಿ ಬರೆದುಕೊಡು ಎಂದು ಹೆಂಡತಿಗೆ ಹೇಳಿದರು.

ಶನಿವಾರ ಅವರು ಚಪ್ಪಲಿ ಮೆಟ್ಟುವಾಗ ಅವಳು ಹಾಳೆಯನ್ನೂ ಒಂದು ಕೆಂಪು ಪೆನ್ನನ್ನೂ ತಂದುಕೊಟ್ಟಳು.

“ಪದ ಬರೆದಿದ್ದೀನಿ. ಗೀಟು ನೀವೇ ಹಾಕ್ಕೊಳ್ಳಿ.”

ಪ್ರಕಾಶಕನ ಕೋಣೆಯಲ್ಲಿ ಕಟ್ಟು ಬಿಚ್ಚದ ಪುಸ್ತಕಗಳ ನಡುವೆ ಎರಡು ಕುರ್ಚಿಗೆ ಮಾತ್ರ ಜಾಗ. ಅವನು ಉತ್ಸಾಹದಲ್ಲಿದ್ದ. ಅಕ್ಷರ ಬಾರದಿದ್ದರೇನು, ಗೀಟು ಎಲ್ಲಿದೆ ಎಂದು ನೋಡಲು ಕಣ್ಣು ಸಾಕಲ್ಲ ಎನ್ನುತ್ತ, ಹಾಳೆಯ ಮೊದಲ ಪದವನ್ನು ಫೋನಿನ ಕ್ಯಾಮರಾಕ್ಕೆ ಹಿಡಿದು ನಿಘಂಟಿನಲ್ಲಿ ತೆರೆದ. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. ಮೊದಲ ಪದ ಒಪ್ಪಂದದ್ದೇ. ಮೊದಲ ಅಕ್ಷರದ ಮೇಲೆ ಒಂದು ಗೀಟೆಳೆದರೆ ಪುಸ್ತಕ ಬರುತ್ತದೆ. ಅಂದದ ಆ ದುಂಡು ಅಕ್ಷರಗಳ ಮೇಲೆ ಪೆನ್ನು ಸುಮಾರು ಹೊತ್ತು ನಿಂತಿತು. ತಪ್ಪೆಂದು ಗೊತ್ತಿದ್ದೂ ತಪ್ಪು ಬರೆಯುವವರನ್ನು ಕಂಡರೆ ಅವರಿಗೆ ಬದುಕಿಡೀ ಅಸಹ್ಯವಿತ್ತು. ಅವರು ಕೊನೆಯ ಅಕ್ಷರದ ಮೇಲೆ ಗೀಟೆಳೆದರು.

“ಇದರಲ್ಲೂ ಅಲ್ಲೇ ಇದೆಯಲ್ಲ ಮೇಷ್ಟ್ರೇ?”

“ಹೌದು. ಅದು ಸರಿಯಾಗೇ ಇದೆ,” ಎಂದರು ಮೇಷ್ಟ್ರು. “ನನ್ನದು ತಪ್ಪಿತ್ತು. ನಮ್ಮ ಮನೆಯವಳು ತಿದ್ದಿದಳು.”

ಎರಡನೆಯದೂ ಹಾಗೇ ಆಯಿತು, ಮೂರನೆಯದೂ ಹಾಗೇ. ಹತ್ತನೆಯ ಪದಕ್ಕೆ ಪ್ರಕಾಶಕ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಕಿಟಕಿಯಾಚೆ ನೋಡತೊಡಗಿದ. ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡು ಹನ್ನೊಂದನೆಯ ಪದಕ್ಕೆ ಹೋದರು.