ಜೋಡಿ ಇಲ್ಲ

ನಮ್ಮ ಮನೆಯಲ್ಲಿ ಕಾಲು ಕಾಣೆಯಾಗಿದೆ ಎಂದರೆ ಯಾರೂ ಹೌಹಾರುವುದಿಲ್ಲ. ಅಣ್ಣ ಬೂಟು ಹೊಲಿಯುವವನು. ಗಿರಾಕಿಗಳ ಪಾದದ ಅಳತೆಗೆ ಕೆತ್ತಿದ ಮರದ ಅಚ್ಚುಗಳನ್ನು ನಾವು ಕಾಲು ಎಂದೇ ಕರೆಯುವುದು. ಮೊದಲು ಅಪ್ಪ ಕೆತ್ತುತ್ತಿದ್ದರು, ಈಗ ಅಣ್ಣ ಕೆತ್ತುತ್ತಾನೆ, ನಾನು ಪಕ್ಕದಲ್ಲೇ ಮಶೀನಿನ ಮುಂದೆ ಕೂತು ಬೂಟಿನ ಮೇಲ್ಭಾಗ ಹೊಲಿಯುತ್ತೇನೆ. "ಬ್ಯಾಂಕಿನವರ ಕಾಲು ಎಲ್ಲಿಟ್ಟೆ?" "ನಿನ್ನ ಸ್ಟೂಲಿನ ಕೆಳಗೇ ಬಿದ್ದಿದೆ ನೋಡು." ಹೊಸ ಗಿರಾಕಿಗಳು ಇದನ್ನು ಕೇಳಿ ಬಾಗಿಲಲ್ಲೇ ನಿಂತುಬಿಡುವುದುಂಟು.

ಆದರೆ ಈ ಸಲ ಕಾಣೆಯಾದದ್ದು ಅಂಚೆಯಕ್ಕನ ಕಾಲು. ಆ ವಿಷಯ ಹೇಳಲು ಹೊರಟರೆ ಈಗಲೂ ನನ್ನ ಮೈ ಉರಿಯುತ್ತದೆ.

ಅಂಚೆಯಕ್ಕ ಎಂದರೆ ನಮ್ಮ ಬೀದಿಗಳಿಗೆ ಕಾಗದ ಹಂಚುವವಳು. ಹುಟ್ಟಿನಿಂದಲೇ ಅವಳ ಎಡಪಾದ ಬಲಪಾದಕ್ಕಿಂತ ಗಿಡ್ಡ, ಹಿಮ್ಮಡಿ ಒಳಕ್ಕೆ ವಾಲಿದೆ. ಅಂಗಡಿಯ ಸಿದ್ಧ ಬೂಟು ಹಾಕಿದರೆ ಒಂದು ಬೀದಿ ಮುಗಿಯುವುದರೊಳಗೆ ಸೊಂಟ ಹಿಡಿದುಕೊಳ್ಳುತ್ತದೆ. ನಮ್ಮ ಬೂಟು ಹಾಕಿದರೆ ಏರಿನ ಮೇಲಿನ ಮನೆಗಳಿಗೆಲ್ಲ ಹೋಗಿಬಂದು, ಇನ್ನೂ ಉಸಿರು ಮಿಕ್ಕಿದೆ ಎಂದು ನಮ್ಮ ಬಾಗಿಲಲ್ಲಿ ಹರಟೆಗೆ ನಿಲ್ಲುತ್ತಾಳೆ. ಅವಳ ಎಡಗಾಲಿನ ಅಚ್ಚು ಅಪ್ಪ ಕೆತ್ತಿದ್ದು. ವಯಸ್ಸಾದಂತೆ ಅವಳ ಪಾದ ಅಲ್ಲಿಷ್ಟು ಇಲ್ಲಿಷ್ಟು ಬದಲಾಯಿತು, ಬದಲಾದಾಗಲೆಲ್ಲ ಅಣ್ಣ ಆ ಅಚ್ಚಿಗೆ ತೆಳ್ಳನೆಯ ಚರ್ಮದ ತೇಪೆ ಅಂಟಿಸಿ, ಉಜ್ಜಿ, ಮತ್ತೆ ಹಾಕಿ ನೋಡಿ, ಮತ್ತೆ ಉಜ್ಜಿ ಸರಿಮಾಡುತ್ತಿದ್ದ. ಹಾಗಾಗಿ ಅವಳ ನಿಜವಾದ ಪಾದ ಇದ್ದದ್ದು ಮರದಲ್ಲಲ್ಲ, ಆ ತೇಪೆಗಳಲ್ಲಿ.

ಈಗ ಅವಳ ಬೂಟು ಅಡಿ ಬಿಟ್ಟುಕೊಂಡಿತ್ತು. ಅವಳು ಕುಂಟುವುದು ಅಂಚೆ ಕಚೇರಿಯ ಸಾಹೇಬರ ಕಣ್ಣಿಗೆ ಬಿದ್ದಿತ್ತು. ಸೋಮವಾರ ನೆಟ್ಟಗೆ ನಡೆದು ಬರದಿದ್ದರೆ ಬೀದಿ ಕೆಲಸ ಬೇರೆಯವರಿಗೆ, ಅವಳು ಒಳಗೆ ಕೂತು ಮುದ್ರೆ ಒತ್ತಬೇಕು ಎಂದು ಅವರು ಹೇಳಿಯಾಗಿತ್ತು.

"ಕೂತು ಮಾಡೋ ಕೆಲ್ಸ ಸುಖ ಅಲ್ವಾ ಅಂತಾರೆ ಎಲ್ರೂ," ಎಂದಳು ಅಂಚೆಯಕ್ಕ. "ಆ ಬೀದಿಗಳು ನಂದು ಕಣೇ. ಯಾವ ಮನೆ ನಾಯಿ ಕಚ್ಚುತ್ತೆ, ಯಾವ ಮನೆ ಅಜ್ಜಿ ಕಾಗ್ದ ಇಲ್ದಿದ್ರೂ ಗೇಟಿಗೆ ಬಂದು ನಿಲ್ತಾಳೆ, ಎಲ್ಲಾ ನಂಗೆ ಗೊತ್ತು. ನಾನು ಬಿಟ್ಕೊಡಲ್ಲ."

"ಬಿಟ್ಕೊಡೋದು ಬೇಡ. ಭಾನುವಾರ ಬಾ, ಹಾಕ್ಕೊಂಡು ಹೋಗು," ಎಂದ ಅಣ್ಣ. ಅಚ್ಚು ಕೈಯಲ್ಲಿದ್ದರೆ ಅವನಿಗೆ ಅದೊಂದು ದೊಡ್ಡ ಮಾತಲ್ಲ.

ಅಚ್ಚು ಅಂಗಡಿಯಲ್ಲಿರಲಿಲ್ಲ. ನಮ್ಮ ಅಂಗಡಿಯಲ್ಲಿ ಒಬ್ಬರು ಆಕಳಿಸಬೇಕಾದರೆ ಇನ್ನೊಬ್ಬರು ಬಾಗಬೇಕು. ಅದಕ್ಕೇ ಹಿಂದಿನ ಬೀದಿಯ ಬಾಡಿಗೆ ಗೋದಾಮಿನಲ್ಲಿ ಒಂದು ಕೋಣೆ ಹಿಡಿದಿದ್ದೆವು. ಉದ್ದನೆಯ ಓಣಿ, ಎರಡೂ ಕಡೆ ಷಟರು, ಪ್ರತಿ ಷಟರಿಗೂ ಅವರವರದೇ ಬೀಗ. ಒಂದು ಕೋಣೆಯಲ್ಲಿ ಯಾರದೋ ಮುರಿದ ಸಂಸಾರದ ಸೋಫಾ, ಇನ್ನೊಂದರಲ್ಲಿ ಬೆಳೆದುನಿಂತ ಮಕ್ಕಳ ತೊಟ್ಟಿಲು. ನಮ್ಮದರಲ್ಲಿ ಊರವರ ಕಾಲು.

ಗೋದಾಮಿನ ಮಾಲೀಕ ಒಳ್ಳೆಯವನೇ ಇದ್ದ. ಎಲ್ಲೋ ಪರಿಸರದ ಸಭೆಗೆ ಹೋಗಿ ಬಂದ ಮೇಲೆ ಅವನಿಗೆ ಹಸಿರು ಹತ್ತಿಕೊಂಡಿತು. ಗೋಡೆ ಹಸಿರಾಯಿತು, ಅಂಗಿ ಹಸಿರಾಯಿತು, ಜೇಬಿನ ಪೆನ್ನೂ ಹಸಿರು. ನಾವು ಹಸಿರಪ್ಪ ಎಂದು ಹೆಸರಿಟ್ಟೆವು. ಒಳ್ಳೆಯದನ್ನು ಇಲ್ಲವೆನ್ನಬಾರದು: ಬಳಸಿದ ರಟ್ಟಿನ ಪೆಟ್ಟಿಗೆಗಳನ್ನು ಬೇಕಾದವರು ಒಯ್ಯಲೆಂದು ಒಂದು ಮೂಲೆ ಮಾಡಿದ, ನಾನೂ ಒಯ್ದಿದ್ದೇನೆ. ಓಣಿಗೆ ಆಳು ಓಡಾಡಿದರೆ ಮಾತ್ರ ಹೊತ್ತುವ ದೀಪ ಹಾಕಿಸಿದ. ಕೋಣೆಯಲ್ಲಿ ಬಗ್ಗಿ ಏನಾದರೂ ಹುಡುಕುತ್ತಿದ್ದರೆ ಅದು ಪಕ್ಕೆಂದು ಆರಿಹೋಗುತ್ತದೆ, ಓಣಿಗೆ ಬಂದು ಕೈ ಬೀಸಬೇಕು. ಅದೂ ಇರಲಿ. ಆದರೆ ಧೂಳು ಬೀಳದಂತೆ ಪ್ರತಿ ಸಾಮಾನಿಗೂ ಹೊಸ ಪ್ಲಾಸ್ಟಿಕ್ ಹಾಳೆ ಸುತ್ತಲೇಬೇಕೆಂಬ ಹಳೆಯ ನಿಯಮ ಮಾತ್ರ ಅಲುಗಾಡಲಿಲ್ಲ. ಆ ಹಾಳೆ ಮಾರುವವನು ಅವನೇ.

ಮಳೆನೀರು ಹಿಡಿಯಲು ಅವನು ಹಾಕಿಸಿದ ಪೈಪು ನಮ್ಮ ಕೋಣೆಯ ಮೇಲೇ ಬಾಯಿಬಿಟ್ಟಿತು. ತನ್ನಲ್ಲಿದ್ದ ಇನ್ನೊಂದು ಕೀಲಿಯಿಂದ ತೆಗೆದು ಪೆಟ್ಟಿಗೆಗಳನ್ನು ಓಣಿಗೆ ಇಟ್ಟಿದ್ದೇನೆ ಎಂದು ಫೋನು ಮಾಡಿದ. "ಕೋಣೆ ಒಣಗೋವರೆಗೂ ಅಲ್ಲೇ ಇರ್ಲಿ, ಮುಟ್ಟಬೇಡಿ," ಎಂದ ಅಣ್ಣ. ಎರಡು ಮೂರು ದಿನ ಬಿಟ್ಟು, ಶುಕ್ರವಾರ, ಅಂಚೆಯಕ್ಕನ ಕಾಲು ತರಲು ಇಬ್ಬರೂ ಹೋದೆವು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಎರಡು ಬಗೆಯ ಪೆಟ್ಟಿಗೆಗಳಿವೆ. ಎರಡೂ ಪಾದ ಒಂದೇ ಸಮ ಇದ್ದವರ ಅಚ್ಚಿನ ಪೆಟ್ಟಿಗೆಯ ಮೇಲೆ "ಜೋಡಿ" ಎಂದು ಬರೆದಿರುತ್ತದೆ. ಎಡ ಬಲ ಬೇರೆ ಬೇರೆ ಇರುವವರ ಪೆಟ್ಟಿಗೆಯ ಮೇಲೆ "ಜೋಡಿ ಇಲ್ಲ". ಅಂದರೆ ಇದಕ್ಕೆ ಬದಲಿ ಲೋಕದಲ್ಲೇ ಸಿಗುವುದಿಲ್ಲ, ಜೋಪಾನ ಎಂದರ್ಥ. ಮನೆಗೆ ಬೆಂಕಿ ಬಿದ್ದರೆ ಮೊದಲು ಜೋಡಿ ಇಲ್ಲದ್ದನ್ನು ಎತ್ತಿಕೊಂಡು ಓಡಿ ಎನ್ನುತ್ತಿದ್ದರು ಅಪ್ಪ.

ಓಣಿಯಲ್ಲಿ "ಜೋಡಿ" ಪೆಟ್ಟಿಗೆಗಳೆಲ್ಲ ಸಾಲಾಗಿ, ಹೊಸ ಪ್ಲಾಸ್ಟಿಕ್ ಹೊದ್ದು ಕೂತಿದ್ದವು. ಆ ಅಳತೆಯವು ಯಾವ ಪೇಟೆಯಲ್ಲಾದರೂ ಸಿಗುತ್ತವೆ. "ಜೋಡಿ ಇಲ್ಲ" ಪೆಟ್ಟಿಗೆ ಒಂದೂ ಇರಲಿಲ್ಲ. ಅಣ್ಣ ಕೋಣೆಯೊಳಗೆ ಹೋಗಿ ಮೂಲೆಮೂಲೆ ತಡಕುತ್ತಿದ್ದ, ದೀಪ ಆರಿತು.

ಆಫೀಸಿಗೆ ಹೋದೆವು. ಹಸಿರಪ್ಪ ನಗುತ್ತಲೇ ಎದ್ದ.

"ಬನ್ನಿ ಬನ್ನಿ. ಹೇಗಿದೆ ಹೇಳಿ ನಮ್ಮ ಹೊಸ ಗೋಡೆ?"

ಗೋಡೆಯ ಮೇಲೆ ಸಾಲಾಗಿ ಕಾಲು. ಹಿಮ್ಮಡಿ ಗರಗಸದಿಂದ ಚಪ್ಪಟೆ ಮಾಡಿ, ನಡುವೆ ತೂತು ಕೊರೆದು, ಸ್ಕ್ರೂ ಬಿಗಿದು, ಬೆರಳ ತುದಿ ಹೊರಕ್ಕೆ ಚಾಚುವಂತೆ ಕೂರಿಸಿದ್ದ. ಕೊಡೆ, ಕೋಟು, ಚೀಲ ನೇತುಹಾಕಲು. ಮೇಲೊಂದು ದಪ್ಪ ರಟ್ಟಿನ ಫಲಕ: ಇಲ್ಲಿ ಯಾವುದೂ ವ್ಯರ್ಥವಲ್ಲ.

"ಇವು ನಮ್ಮವು," ಎಂದೆ.

"ಗೊತ್ತು. ಪೆಟ್ಟಿಗೆ ಮೇಲೆ ನೀವೇ ಬರ್ದಿದ್ರಲ್ಲ, ಜೋಡಿ ಇಲ್ಲ ಅಂತ. ಒಂದು ಉದ್ದ, ಒಂದು ಗಿಡ್ಡ, ಒಂದಕ್ಕೊಂದು ಸಂಬಂಧ ಇಲ್ಲ. ಒಡೆದ ಜೋಡಿ ಎಸೆಯೋದಕ್ಕೆ ಇಟ್ಟಿದೀರಿ ಅಂದ್ಕೊಂಡೆ. ಎಸೆದ್ರೆ ಕಸ, ಹೀಗಾದ್ರೆ ಮರುಬಳಕೆ."

"ಮುಟ್ಟಬೇಡಿ ಅಂದಿದ್ನಲ್ಲ," ಎಂದ ಅಣ್ಣ.

"ಕೇಳಬೇಕಿತ್ತು, ಒಪ್ತೀನಿ. ಖುಷಿಪಡ್ತೀರಿ ಅಂತ ಇದ್ದೆ."

ನಮ್ಮ ಅಂಗಡಿಯಲ್ಲಿ ಚರ್ಮದ ಚೂರು ಒಳಪದರಕ್ಕೆ ಹೋಗುತ್ತದೆ, ಹಳೆಯ ಟೈರು ಹಿಮ್ಮಡಿಗೆ, ಮೊಂಡಾದ ಸೂಜಿಗೂ ಒಂದು ಕೆಲಸವಿದೆ. ನಾವು ಅದಕ್ಕೆ ಫಲಕ ಬರೆಸಿಲ್ಲ. ಇವನಿಗೆ ಬಳಕೆಯಲ್ಲಿ ಇರುವುದನ್ನೇ ಕೊಂದು ಮರುಬಳಕೆ ಮಾಡುವ ಹುಕಿ.

ಅಣ್ಣ ಅಂಚೆಯಕ್ಕನ ಅಚ್ಚಿನ ಮೇಲೆ ಕೈಯಾಡಿಸಿದ. "ಇದಕ್ಕೆ ಚರ್ಮ ಅಂಟ್ಸಿತ್ತಲ್ಲ."

"ಕಿತ್ತು ಹಾಕಿಸ್ದೆ. ಮರ ಬೇರೆ, ಚರ್ಮ ಬೇರೆ ಮಾಡ್ಬೇಕು. ಚರ್ಮ ಇವತ್ತು ಬೆಳಗ್ಗೆ ಗುಜರಿ ಲಾರಿಗೆ ಹೋಯ್ತು."

ಅಣ್ಣ ತೇಪೆ ಇದ್ದ ಜಾಗವನ್ನು ಹೆಬ್ಬೆರಳಿನಿಂದ ಉಜ್ಜಿದ. ಅವನು ಬೈಯಬೇಕಿತ್ತು. ಅವನ ಪಾಲಿನದ್ದನ್ನೂ ಸೇರಿಸಿ ನಾನೇ ಬೈಯೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಅಂಚೆಯಕ್ಕ ಒಳಗೆ ಬಂದಳು. ಹಸಿರಪ್ಪನಿಗೆ ಎರಡು ಲಕೋಟೆ ಇದ್ದವು. ಅವಳು ನಮ್ಮನ್ನು ನೋಡಿ ನಕ್ಕು, ಹೆಗಲ ಚೀಲ ಇಳಿಸಿ, ಅಭ್ಯಾಸವಾಗಿಬಿಟ್ಟವಳ ಹಾಗೆ ಗೋಡೆಯ ಮೊದಲನೆಯ ಕಾಲಿಗೆ ನೇತುಹಾಕಿದಳು.

ಅವಳದಕ್ಕೇ.

"ಏನಾಯ್ತು? ಯಾಕೆ ಇಬ್ರೂ ಹೀಗೆ ನೋಡ್ತಿದೀರಿ?" ಎಂದಳು.

ಹೇಳಬೇಕಾಯಿತು. ಅಣ್ಣನೇ ಹೇಳಿದ, ಸಣ್ಣ ದನಿಯಲ್ಲಿ. ಅವಳು ಗೋಡೆ ನೋಡಿದಳು, ತನ್ನ ಪಾದ ನೋಡಿಕೊಂಡಳು. "ನಿನ್ನೆಯಿಂದ ಇದಕ್ಕೇ ಚೀಲ ಹಾಕ್ತಿದೀನಿ. ಒಳ್ಳೆ ಗಟ್ಟಿ ಗೂಟ ಅಂದ್ಕೊಂಡಿದ್ದೆ," ಎಂದಳು. ಆಮೇಲೆ, "ಸೋಮವಾರಕ್ಕೆ?"

"ಆಗಲ್ಲಕ್ಕ. ಮೊದಲಿಂದ ಕೆತ್ತಬೇಕು. ಮತ್ತೆ ಮತ್ತೆ ಹಾಕಿ ನೋಡ್ಬೇಕು. ಈಗಲೇ ಅಳತೆ ತಗೊಂಡ್ರೂ ತಿಂಗಳು ಬೇಕು." ಅಣ್ಣ ಹಸಿರಪ್ಪನ ಕಡೆ ತಿರುಗಿದ. "ಒಂದು ದೊಡ್ಡ ಕಾಗದ ಕೊಡಿ."

"ಕಾಗದ..." ಹಸಿರಪ್ಪ ತಡವರಿಸಿದ. "ನಮ್ದು ಕಾಗದ ಇಲ್ಲದ ಆಫೀಸು."

ಸಿಟ್ಟು ನೆತ್ತಿಗೇರಿತು. ಕುರ್ಚಿ ಎಳೆದು ಹತ್ತಿ, ಆ ಫಲಕ ಕಿತ್ತು, ಮಗುಚಿ ನೆಲಕ್ಕೆ ಹಾಸಿದೆ. ಹಸಿರಪ್ಪ ಅಯ್ಯೋ ಎಂದ. "ಹಿಂದ್ಗಡೆ ಖಾಲಿ ಇದೆ. ವ್ಯರ್ಥ ಯಾಕೆ ಮಾಡ್ಬೇಕು," ಎಂದೆ. ಅಂಚೆಯಕ್ಕ ಬಾಯಿಬಿಟ್ಟ ಬೂಟು ಕಳಚಿ, ಬರಿಗಾಲಲ್ಲಿ ಅದರ ಮೇಲೆ ನಿಂತಳು. ಅಣ್ಣ ಮಂಡಿಯೂರಿ ಹಸಿರು ಪೆನ್ನಿನಲ್ಲೇ ಪಾದದ ಸುತ್ತ ಗೆರೆ ಎಳೆದ. ಕೊನೆಗೆ ಅಭ್ಯಾಸಬಲದಿಂದ "ಜೋಡಿ ಇಲ್ಲ" ಎಂದು ಬರೆಯತೊಡಗಿದ. ನಾನು ಪೆನ್ನು ಕಸಿದುಕೊಂಡೆ. ಅದನ್ನು ಹೊಡೆದುಹಾಕಿ "ಅಂಚೆಯಕ್ಕನ ಕಾಲು" ಎಂದು ದೊಡ್ಡದಾಗಿ ಬರೆದೆ.

ಅವಳು ಬೂಟು ಹಾಕಿಕೊಂಡು, ಗೂಟದಿಂದ ಚೀಲ ತೆಗೆದಳು. ಹಸಿರಪ್ಪನ ಕಡೆ ತಿರುಗಿದಳು, ದನಿ ಏರಿಸಲಿಲ್ಲ.

"ಸೋಮವಾರ ನಮ್ಮ ಸಾಹೇಬ್ರ ಹತ್ರ ನೀವು ಬನ್ನಿ. ಕುಂಟಿ ಅಂತ ಬೀದಿ ಕಿತ್ಕೊಳ್ತಾರೆ. ಇವಳ ಕಾಲು ನನ್ನ ಗೋಡೆ ಮೇಲಿದೆ, ತಿಂಗಳು ತಡೀರಿ ಅಂತ ನೀವೇ ಹೇಳಿ."

"ನಾನಾ?"

ಅವಳು ಉತ್ತರಕ್ಕೆ ಕಾಯದೆ ಹೊರಗೆ ಹೋದಳು. ಓಣಿಯಲ್ಲಿ ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಎಳೆದಂತೆ ಕೇಳುತ್ತಿತ್ತು. ಅರ್ಧ ದಾರಿಯಲ್ಲಿ ದೀಪ ಆರಿತು. ನಿಧಾನ ನಡೆಯುವವರಿಗೆ ಅದು ಕಾಯುವುದಿಲ್ಲ. ಹೆಜ್ಜೆಯ ಸದ್ದೂ ನಿಂತಿತು. ಅವಳು ಕೈ ಬೀಸಲಿಲ್ಲ.

"ಬೀಸಿ," ಎಂದೆ ಹಸಿರಪ್ಪನಿಗೆ.

ಅವನು ಬಾಗಿಲಾಚೆ ಹೋಗಿ ಎರಡೂ ಕೈ ಎತ್ತಿ ಬೀಸತೊಡಗಿದ. ದೀಪ ಹೊತ್ತಿಕೊಂಡಿತು. ಹಾಗೆ ಬೀಸುತ್ತಲೇ ನನ್ನ ಕಡೆ ನೋಡದೆ, "ಸೋಮವಾರ ಎಷ್ಟು ಹೊತ್ತಿಗೆ ಬರ್ಲಿ ಅಂತ ಕೇಳಿ ಅವ್ರನ್ನ," ಎಂದ.

"ನೀವೇ ಹೋಗಿ ಕೇಳಿ," ಎಂದೆ. "ಅವಳೇನು ಓಡಿ ಹೋಗ್ತಿಲ್ಲ."