ಸುಕ್ಕುಗಟ್ಟದ ಮೂರು ಬೆರಳು

ಸರ್ಕಾರದ ಕಣ್ಣಿಗೆ ಕಾಣುವುದು ಇಲ್ಲದ ಕೈ ಮಾತ್ರ. ಇರುವ ಕೈ ಕೆಲಸ ಮಾಡದಿದ್ದರೆ ಅದನ್ನು ಕೈಯ ಸೋಮಾರಿತನವೆಂದು ತಿಳಿಯುವುದು ಅದರ ಪದ್ಧತಿ. ಗಾಜಣ್ಣನ ಬಲಗೈ ಭುಜದಿಂದ ಉಗುರಿನವರೆಗೆ ಇಡಿಯಾಗಿ ಇತ್ತು. ಅದೇ ಅವನ ಗ್ರಹಚಾರ.

ಗಾಜಣ್ಣ ಎನ್ನುವುದು ಅಡ್ಡಹೆಸರು. ಇಪ್ಪತ್ತೆರಡು ವರ್ಷ ಗಾಜಿನಂಗಡಿಯಲ್ಲಿ ಕಿಟಕಿಗೆ, ಕನ್ನಡಿಗೆ, ಅಲ್ಮೇರಾದ ಬಾಗಿಲಿಗೆ ಗಾಜು ಕೊಯ್ದವನಿಗೆ ಬೇರೆ ಹೆಸರಿನ ಅಗತ್ಯವೂ ಬಿದ್ದಿರಲಿಲ್ಲ. ಒಂದು ದಿನ ವ್ಯಾನಿನಿಂದ ಇಳಿಸುತ್ತಿದ್ದ ಗಾಜಿನ ಹಾಳೆ ನಡುವೆ ಬಿರಿದು, ಅರ್ಧ ಭಾಗ ಅವನ ಮಣಿಕಟ್ಟಿನ ಒಳಮೈಯನ್ನು ಸೀಳಿಕೊಂಡು ಕೆಳಗೆ ಬಿತ್ತು. ಡಾಕ್ಟರು ಹೊಲಿಗೆ ಹಾಕಿದರು. ಚರ್ಮ ಕೂಡಿಕೊಂಡಿತು, ನರ ಕೂಡಿಕೊಳ್ಳಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರಕ್ಕೂ ಸ್ಪರ್ಶ ಹೋಯಿತು. ಹೆಬ್ಬೆರಳಂತೂ ಉಳಿದ ಬೆರಳುಗಳ ಕಡೆ ತಿರುಗುವುದನ್ನೇ ಬಿಟ್ಟು, ಮುನಿಸಿಕೊಂಡ ದಾಯಾದಿಯ ಹಾಗೆ ಪಕ್ಕದಲ್ಲಿ ನಿಂತುಬಿಟ್ಟಿತು. ಅಂಗಡಿಯ ಯಜಮಾನ ಆರು ತಿಂಗಳು ಅವನ ಕೈಯಲ್ಲಿ ಕನ್ನಡಿಯ ಧೂಳು ಒರೆಸಿಸಿ, ಏಳನೆಯ ತಿಂಗಳು "ಮನೇಲಿ ಆರಾಮಾಗಿರಿ" ಎಂದು ಬಹಳ ಪ್ರೀತಿಯಿಂದ ಹೇಳಿ ಕಳಿಸಿದ.

ಆರಾಮಾಗಿರಲು ಮನೆಯಲ್ಲಿ ಯಾರಾದರೂ ದುಡಿಯಬೇಕಲ್ಲ. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅದು ಸಾಲದೆ ಅತ್ತೆ, ಎಂದರೆ ಹೆಂಡತಿಯ ತಾಯಿ, ಬಿಟ್ಟುಬಿಡುತ್ತೇನೆ ಎಂದು ಎರಡು ವರ್ಷದಿಂದ ಹೇಳುತ್ತಿದ್ದ ಹೋಟೆಲಿನ ಪಾತ್ರೆ ತೊಳೆಯುವ ಕೆಲಸಕ್ಕೆ ಹೋಗುತ್ತಲೇ ಇದ್ದರು. ಅವರ ಎರಡೂ ಮಂಡಿ ಊದಿದ್ದವು. ಮೋರಿಯ ಮುಂದೆ ಕೂತರೆ ಏಳಲು ಇಬ್ಬರು ಬೇಕಿತ್ತು. ಗಾಜಣ್ಣನಿಗೆ ಆ ಮಂಡಿಗಳನ್ನು ನೋಡಿದಾಗಲೆಲ್ಲ ಅನ್ನ ಇಳಿಯುತ್ತಿರಲಿಲ್ಲ. ಅಂಗವಿಕಲರ ಭತ್ಯೆ ಬಂದ ದಿನವೇ ಅತ್ತೆಯನ್ನು ಹೋಟೆಲಿನಿಂದ ಬಿಡಿಸುವುದೆಂದು ಅವನು ಮನಸ್ಸಿನಲ್ಲೇ ಶಪಥ ಮಾಡಿದ್ದ. ಭತ್ಯೆಗೆ ಬೇಕಾದದ್ದು ಒಂದೇ, ನಲವತ್ತು ಪರ್ಸೆಂಟು ಊನವಿದೆ ಎಂಬ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ.

ಇಷ್ಟೆಲ್ಲ ಆದರೂ ಅವನಿಗೊಂದು ಹುಚ್ಚು ಮರ್ಯಾದೆ ಇತ್ತು. ಬೀದಿಯಲ್ಲಿ ಕಂಡವರೆಲ್ಲ "ಕೈಗೇನಾಯ್ತು?" ಎಂದು ಕೇಳುವುದನ್ನು ತಡೆಯಲಾರದೆ ಕೈಯನ್ನು ಜೇಬಿನಲ್ಲಿ ಅಡಗಿಸಿಕೊಂಡೇ ತಿರುಗುತ್ತಿದ್ದ. ಲೋಟ ಎತ್ತುವುದಕ್ಕೂ ಒಂದು ಉಪಾಯ ಕಂಡುಕೊಂಡಿದ್ದ. ಉಂಗುರದ ಬೆರಳು, ಕಿರುಬೆರಳುಗಳಿಂದ ಲೋಟವನ್ನು ಅಂಗೈಗೆ ಅವುಚಿ, ಮಣಿಕಟ್ಟನ್ನು ಸ್ವಲ್ಪ ತಿರುಚಿ ಎತ್ತಿದರೆ ಎದುರಿನವರಿಗೆ ಗೊತ್ತೇ ಆಗುತ್ತಿರಲಿಲ್ಲ. ಕನ್ನಡಿಯ ಮುಂದೆ ಎಷ್ಟೋ ದಿನ ಕೂತು ಕಲಿತ ವಿದ್ಯೆ ಅದು. ತಾನು ಕೊಯ್ದ ಗಾಜಿನ ಅಂಚಿನಷ್ಟೇ ಅದರ ಬಗ್ಗೆಯೂ ಅವನಿಗೆ ಹೆಮ್ಮೆ.

ಮಂಡಳಿಯ ಕೋಣೆಯಲ್ಲಿ ಮೂವರು ಕೂತಿದ್ದರು. ನಡುವೆ ಅಧ್ಯಕ್ಷರು, ಬಹಳ ದೊಡ್ಡ ಡಾಕ್ಟರು. ಬಲಕ್ಕೆ ಕಿರಿಯ ಡಾಕ್ಟರಮ್ಮ. ಎಡಕ್ಕೆ ಫಾರಂ ತುಂಬುವ ಗುಮಾಸ್ತ. ಗಾಜಣ್ಣ ಒಳಗೆ ಹೋದಾಗ ಜವಾನ ಹಬೆಯಾಡುವ ಟೀ ಲೋಟವನ್ನು ಬಟ್ಟೆಯಲ್ಲಿ ಹಿಡಿದು ತಂದ. ಅಧ್ಯಕ್ಷರು "ಸಕ್ಕರೆ ಹಾಕಿಲ್ಲ ತಾನೇ?" ಎಂದು ಕೇಳುತ್ತ ಬರಿಗೈಯಲ್ಲೇ ಲೋಟದ ಹೊಟ್ಟೆಗೆ ಕೈ ಹಾಕಿ ಹಿಡಿದುಕೊಂಡರು. ಹಿಡಿದುಕೊಂಡೇ ಮಾತಿಗೆ ತೊಡಗಿದರು. ಎಂಥ ಗಟ್ಟಿ ಕೈ ಎಂದು ಗಾಜಣ್ಣನಿಗೆ ಹೊಟ್ಟೆಕಿಚ್ಚಾಯಿತು.

"ಎಲ್ಲಿ, ಕೈ ತೋರ್ಸಿ."

ಗಾಜಣ್ಣ ಎಡಗೈ ಚಾಚಿದ.

"ಕೆಟ್ಟಿರೋದು ಯಾವ ಕೈರೀ?"

"ಬಲಗೈ ಸಾರ್."

"ಮತ್ತೆ ಅದ್ಯಾಕೆ ಜೇಬಲ್ಲಿ ಬೆಚ್ಚಗೆ ಕೂತಿದೆ?"

ಗಾಜಣ್ಣ ನಾಚಿಕೊಂಡು ಕೈಯನ್ನು ಹೊರಗೆ ತೆಗೆದ. ಅಧ್ಯಕ್ಷರು ದೂರದಿಂದಲೇ ನೋಡಿದರು. "ಬೆರಳು ಐದೂ ಇದೆಯಲ್ಲ." ಗುಮಾಸ್ತ ತಾನೂ ಒಮ್ಮೆ ಎಣಿಸಿ, ಲೆಕ್ಕ ಸರಿಹೋದ ನೆಮ್ಮದಿಯಲ್ಲಿ ಐದು ಎಂದು ಬರೆದುಕೊಂಡ.

"ಈ ನೀರಿನ ಲೋಟ ಎತ್ತಿ ನೋಡೋಣ."

ಆಗ ಗಾಜಣ್ಣ ಯಾವ ಮನುಷ್ಯನೂ ಮಾಡಬಾರದ ಕೆಲಸ ಮಾಡಿದ. ಮಣಿಕಟ್ಟು ತಿರುಚಿ, ಎರಡು ಬೆರಳಿನಿಂದ ಅವುಚಿ, ತುಂಬಿದ ಲೋಟವನ್ನು ಒಂದು ಹನಿಯೂ ಚೆಲ್ಲದಂತೆ ಗದ್ದದವರೆಗೆ ಎತ್ತಿ, ಅಷ್ಟೇ ನಾಜೂಕಾಗಿ ಇಳಿಸಿದ. ಮುಗಿಸಿದ ಮೇಲೆ ಶಹಬ್ಬಾಸ್‌ಗಿರಿ ಬರುತ್ತದೆಂದು ಕಾದು ನಿಂತ. ಬಂತು ಕೂಡ.

"ಭೇಷ್! ಮೂವತ್ತೆಂಟು ಬರ್ಕೊಳ್ಳಿ."

"ಸಾರ್, ಇನ್ನೆರಡು..."

"ನಲವತ್ತೇ ಕೊಡೋಣ ಅಂತಿದ್ದೆ ಕಣ್ರೀ. ಜೇಬಿಗೆ ಕೈ ಹಾಕ್ಕೊಳ್ಳೋಕೆ ಬರುತ್ತೆ, ಅದಕ್ಕೊಂದು ಕಳೆದೆ. ಲೋಟ ಎತ್ತೋಕೆ ಬರುತ್ತೆ, ಅದಕ್ಕೊಂದು ಕಳೆದೆ. ನೆಕ್ಸ್ಟ್!"

ಮನೆಯಲ್ಲಿ ಸಂಗತಿ ಕೇಳಿದ ಅತ್ತೆ ಹಣೆ ಚಚ್ಚಿಕೊಂಡರು.

"ಒಂದು ಹನೀನೂ ಚೆಲ್ಲಲಿಲ್ವಾ ಅಳಿಯಂದ್ರೆ?"

"ಇಲ್ಲ ಅತ್ತೆ."

"ಚೆಲ್ಲಬೇಕಾಗಿತ್ತಲ್ರೀ! ಆ ಡಾಕ್ಟ್ರ ತೊಡೆ ಮೇಲೇ ಚೆಲ್ಲಬೇಕಾಗಿತ್ತು. ಸರ್ಕಾರದ ನೀರು, ಯಾರಪ್ಪನ ಗಂಟು ಹೋಗ್ತಿತ್ತು?"

ಆ ಬೈಗುಳ ಒಂದು ವಾರ ನಡೆಯಿತು. ಅದರ ನಾಚಿಕೆಗೋ ಏನೋ, ಗಾಜಣ್ಣ ಮಧ್ಯಾಹ್ನದ ಹೊತ್ತು ಹೋಟೆಲಿನ ಹಿತ್ತಲಿಗೆ ಹೋಗಿ ಅತ್ತೆಯ ಜೊತೆ ಪಾತ್ರೆ ತೊಳೆಯಲು ಕೂತ. ಎರಡು ಗಂಟೆ ಬಿಸಿನೀರಿನ ತೊಟ್ಟಿಯಲ್ಲಿ ಕೈಯಾಡಿಸಿ ಎದ್ದಾಗ ಅತ್ತೆ ಅವನ ಬಲಗೈಯನ್ನು ಹಿಡಿದು ಬೆಳಕಿಗೆ ತಿರುಗಿಸಿದರು. ಕಿರುಬೆರಳು ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮಾತ್ರ ನೀರನ್ನೇ ಕಾಣದ ಹಾಗೆ ನುಣ್ಣಗಿದ್ದವು.

"ಅಯ್ಯೋ, ಇದು ನಮ್ಮ ಭರಣಿಯಮ್ಮನ ಕೈ!" ಎಂದರು ಅತ್ತೆ. ಭರಣಿಯಮ್ಮ ಅವರ ಜೊತೆ ಪಾತ್ರೆ ತೊಳೆಯುತ್ತಿದ್ದವಳು. ಒಡೆದ ಭರಣಿಯ ಚೂರು ಹೊಕ್ಕು ನರ ಕಡಿದ ಮೇಲೆ ಅವಳ ಎರಡು ಬೆರಳು ಎಷ್ಟು ಹೊತ್ತು ನೀರಲ್ಲಿದ್ದರೂ ಸುಕ್ಕಾಗುತ್ತಿರಲಿಲ್ಲ. "ನಾವೆಲ್ಲ ಅವಳಿಗೆ ಮದುಮಗಳ ಬೆರಳು ಅಂತ ತಮಾಷೆ ಮಾಡ್ತಿದ್ವಿ. ಸತ್ತ ನರಕ್ಕೆ ಸುಕ್ಕು ಬರಲ್ಲ ಅಳಿಯಂದ್ರೆ. ಇದನ್ನ ನೀವೂ ನಟಿಸೋಕಾಗಲ್ಲ, ಅವ್ರೂ ಅಲ್ಲ ಅನ್ನೋಕಾಗಲ್ಲ."

ಗಾಜಣ್ಣ ಮತ್ತೆ ಅರ್ಜಿ ಹಾಕಿದ. ಮರುಪರಿಶೀಲನೆಯ ದಿನ ಅತ್ತೆಯೂ ಅವನ ಜೊತೆ ಮುಚ್ಚಳದ ಬಕೆಟ್ಟಿನೊಂದಿಗೆ ಹೊರಟರು. ಬೆಚ್ಚನೆಯ ನೀರು ತಣ್ಣಗಾಗದಿರಲಿ ಎಂದು ಸುತ್ತ ಟವೆಲ್ಲು ಸುತ್ತಿದ್ದರು. ಬಾಗಿಲಲ್ಲೇ ಗುಮಾಸ್ತ ಅಡ್ಡ ಬಂದ.

"ಬಕೆಟ್ ಒಳಗೆ ತರೋ ಹಾಗಿಲ್ಲ."

"ಎಲ್ಲಿ ಬರ್ದಿದೆ, ತೋರ್ಸಪ್ಪ."

ಗುಮಾಸ್ತ ನಿಯಮಗಳ ಪುಸ್ತಕ ತೆಗೆದ. ನಾಯಿ ತರಬಾರದೆಂದಿತ್ತು. ಒದ್ದೆ ಛತ್ರಿ ತರಬಾರದೆಂದಿತ್ತು. ಬಕೆಟ್ಟಿನ ಬಗ್ಗೆ ಪುಸ್ತಕ ಬರೆದವರಿಗೆ ಹೊಳೆದಿರಲಿಲ್ಲ. ಅವನು ಹಾಳೆ ತಿರುವುತ್ತಿದ್ದಾಗಲೇ ಅತ್ತೆ ಒಳಗೆ ಹೋಗಿ ಬಕೆಟ್ಟನ್ನು ಅಧ್ಯಕ್ಷರ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಇಟ್ಟಾಗಿತ್ತು.

ಅವರು ಹೇಳಿದ್ದನ್ನು ಕೇಳಿ ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಿರಿಯ ಡಾಕ್ಟರಮ್ಮ ನಗಲಿಲ್ಲ.

"ಸರ್, ಹಾಗೊಂದು ಪರೀಕ್ಷೆ ನಿಜವಾಗ್ಲೂ ಇದೆ. ಅರ್ಧ ಗಂಟೆ ಬೆಚ್ಚಗಿನ ನೀರಲ್ಲಿಟ್ರೆ ನರ ಸರಿಯಿರೋ ಬೆರಳು ಸುಕ್ಕಾಗುತ್ತೆ. ನಾವು ಓದಿದ್ದೀವಿ."

"ಓದಿದ್ದು ಬೇರೆ, ಫಾರಂ ಬೇರೆ ಕಣಮ್ಮ. ಫಾರಮ್ಮಲ್ಲಿ ಬಕೆಟ್ಟಿಗೆ ಕಾಲಂ ಎಲ್ಲಿದೆ?" ಅಧ್ಯಕ್ಷರು ತೋಳು ಮಡಿಚಿದರು. "ಆಗ್ಲಿ, ಈ ಅಜ್ಜಿಯ ವೈದ್ಯ ಇವತ್ತು ಬಯಲಾಗಿಬಿಡ್ಲಿ. ನನ್ನ ಕೈನೂ ಇಡ್ತೀನಿ."

ಹೀಗೆ ಅರ್ಧ ಗಂಟೆ ವೈದ್ಯಕೀಯ ಮಂಡಳಿಯ ಅಧ್ಯಕ್ಷರೂ ಕೆಲಸ ಕಳೆದುಕೊಂಡ ಗಾಜಿನವನೂ ಒಂದೇ ಬಕೆಟ್ಟಿನಲ್ಲಿ ಬಲಗೈ ಮುಳುಗಿಸಿ, ಹಣೆಗೆ ಹಣೆ ತಾಗುವಷ್ಟು ಹತ್ತಿರ ಕೂತರು. ಗುಮಾಸ್ತ ಗಡಿಯಾರ ನೋಡುತ್ತಿದ್ದ. ಅತ್ತೆ ಅಲುಗಾಡದೆ ನೀರನ್ನೇ ಕಾಯುತ್ತಿದ್ದರು. ಹೊರಗೆ ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಬಾಗಿಲಲ್ಲಿ ಇಣುಕಿ, ಒಳಗೇನು ಪೂಜೆಯೋ ಎಂದು ತಿಳಿಯದೆ ಹಿಂದಕ್ಕೆ ಸರಿದರು.

ಗಾಜಣ್ಣ ಮೊದಲು ಕೈ ತೆಗೆದ. ಕಿರುಬೆರಳಿನಲ್ಲಿ ಸುಕ್ಕು, ಮೂರು ಬೆರಳು ನುಣುಪು. ಡಾಕ್ಟರಮ್ಮ ಒಂದೊಂದನ್ನೂ ಮುಟ್ಟಿ ನೋಡಿ ತಲೆಯಾಡಿಸಿದರು. ಅತ್ತೆಯ ಮುಖ ಊರಗಲವಾಯಿತು.

ಆಮೇಲೆ ಅಧ್ಯಕ್ಷರು ಕೈ ತೆಗೆದರು. ಐದಕ್ಕೆ ಐದೂ ನುಣುಪು!

ಅಧ್ಯಕ್ಷರಿಗೆ ಪರಮಾನಂದ.

"ನೋಡಿದ್ರಾ! ನನ್ನ ಬೆರಳೂ ಸುಕ್ಕಾಗಿಲ್ಲ. ಹಾಗಾದ್ರೆ ನಾನೂ ಅಂಗವಿಕಲನಾ? ಈ ಪರೀಕ್ಷೆಯೇ ಬೋಗಸ್ಸು!"

ಡಾಕ್ಟರಮ್ಮ ಅವರ ಅಂಗೈಯನ್ನೇ ನೋಡುತ್ತಿದ್ದರು. ಗಾಜಣ್ಣನೂ ನೋಡಿದ. ಬೆರಳುಗಳ ಬುಡದಲ್ಲಿ ಸಾಲಾಗಿ ಬೊಬ್ಬೆ ಎದ್ದಿದ್ದವು, ಸರಿಯಾಗಿ ಟೀ ಲೋಟ ಕೂರುವ ಜಾಗದಲ್ಲಿ. ಅವನ ಕೈಗೂ ಒಲೆಯ ಮುಂದೆ ಅಂಥವು ಎಷ್ಟೋ ಸಲ ಎದ್ದಿದ್ದವು. ಎದ್ದದ್ದು ಗೊತ್ತಾಗುತ್ತಿದ್ದುದು ಅದನ್ನು ಯಾರಾದರೂ ತೋರಿಸಿದಾಗಲೇ. ಆ ಕೈಯ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆನಲ್ಲ ಎಂದುಕೊಂಡ.

"ಸಾರ್, ಆ ಬೊಬ್ಬೆ ಯಾವಾಗ ಎದ್ದಿದ್ದು?" ಎಂದ ಗಾಜಣ್ಣ.

"ಯಾವ ಬೊಬ್ಬೆ?"

ಅಧ್ಯಕ್ಷರು ಅಂಗೈ ತಿರುಗಿಸಿ ನೋಡಿಕೊಂಡರು. ಮುಖದ ಬಣ್ಣ ಇಳಿಯಿತು. ಆಮೇಲೆ ಆ ಕೈಯನ್ನು ಒದ್ದೆಯಾಗಿದ್ದ ಹಾಗೆಯೇ ಪ್ಯಾಂಟಿನ ಜೇಬಿಗೆ ತುರುಕಿ, ಗೋಡೆಯ ಕಡೆ ತಿರುಗಿ ಹೇಳಿದರು. "ಪರೀಕ್ಷೆ ಅಮಾನ್ಯ. ಮೂವತ್ತೆಂಟೇ ಇರ್ಲಿ."

ಹೊರಗೆ ಬಂದ ಗಾಜಣ್ಣ ಗೋಡೆಗೆ ಒರಗಿ ಅತ್ತುಬಿಟ್ಟ. ಅತ್ತೆಯ ಮಂಡಿಗೆ ಮಾಡಿದ ಶಪಥ ಕಣ್ಣೆದುರೇ ನೀರುಪಾಲಾಗಿತ್ತು. ಅತ್ತೆ ಅಳಲಿಲ್ಲ. ಬಕೆಟ್ಟಿನ ನೀರನ್ನು ಕಚೇರಿಯ ಮುಂದೆ ಬಾಡಿ ನಿಂತಿದ್ದ ಹೂಕುಂಡಕ್ಕೆ ಸುರಿದು, "ಇದಕ್ಕಾದ್ರೂ ಸ್ಪರ್ಶಜ್ಞಾನ ಇರ್ಬಹುದು" ಎಂದು ಮಂಡಿ ಒತ್ತಿಕೊಳ್ಳುತ್ತ ಮೆಟ್ಟಿಲಿಳಿದರು.

ನಾಲ್ಕು ತಿಂಗಳ ಮೇಲೆ ಮತ್ತೆ ಪರೀಕ್ಷೆಗೆ ಬರಬೇಕೆಂದು ಕಾಗದ ಬಂತು. ಡಾಕ್ಟರಮ್ಮ ಆ ದಿನವೇ ಮೇಲಿನವರಿಗೆ ಬರೆದಿದ್ದರಂತೆ. ಮೇಲಿನವರು ಅವರ ಮೇಲಿನವರಿಗೆ ಬರೆದು, ಕೊನೆಗೆ ಫಾರಮ್ಮಿನಲ್ಲಿ ನೀರಿಗೊಂದು ಕಾಲಂ ಹುಟ್ಟಿತ್ತು. ಗಾಜಣ್ಣ ಅತ್ತೆಯೊಂದಿಗೆ ಹೋದಾಗ ಮಂಡಳಿಗೆ ಹೊಸ ಅಧ್ಯಕ್ಷರು ಬಂದಿದ್ದರು. ಹಳಬರು ಅನಾರೋಗ್ಯದ ರಜೆಯಲ್ಲಿದ್ದಾರೆ ಎಂದಷ್ಟೇ ಜವಾನ ಹೇಳಿದ. ಗೋಡೆಯ ಮೇಲೆ ಗುಮಾಸ್ತನ ಅಕ್ಷರದಲ್ಲಿ ಒಂದು ಪ್ರಕಟಣೆ ಅಂಟಿತ್ತು: "ಅರ್ಜಿದಾರರು ಬೆಚ್ಚನೆಯ ನೀರು ತುಂಬಿದ ಬಕೆಟ್ಟನ್ನು ಸ್ವಂತ ಖರ್ಚಿನಲ್ಲಿ ತರತಕ್ಕದ್ದು. ಕಚೇರಿಯು ಬಕೆಟ್ಟಿಗೆ ಹೊಣೆಯಲ್ಲ." ಓಣಿಯುದ್ದಕ್ಕೂ ನೀಲಿ, ಕೆಂಪು, ಹಸಿರು ಬಕೆಟ್ಟುಗಳ ಸಾಲು. ನಲ್ಲಿಯ ಮುಂದೆ ನಿಂತ ಹಾಗೆ ಜನ ಜಗಳವಾಡುತ್ತಿದ್ದರು.

ಗಾಜಣ್ಣ ಈ ಸಲ ಬಲಗೈ ಚಾಚಿಕೊಂಡೇ ಒಳಗೆ ಹೋದ. ಲೋಟ ಎತ್ತಲು ಹೇಳಿದಾಗ ಉಪಾಯ ಗೀಪಾಯ ಮಾಡದೆ ಹೆಬ್ಬೆರಳಿಗೇ ಬಿಟ್ಟ. ಲೋಟ ಉರುಳಿ ನೀರು ಮೇಜಿನ ತುಂಬ ಹರಿದು ಗುಮಾಸ್ತನ ಪುಸ್ತಕ ಒದ್ದೆಯಾಯಿತು. ಇಪ್ಪತ್ತೆರಡು ವರ್ಷ ಏನನ್ನೂ ಕೈಜಾರಿಸದವನಿಗೆ ಜೀವ ಹಿಡಿಯಾಯಿತು, ಆದರೂ ಬಗ್ಗಿ ಎತ್ತಿಕೊಳ್ಳಲಿಲ್ಲ. ಅರ್ಧ ಗಂಟೆಯ ಬಕೆಟ್ಟಿನ ಶಾಸ್ತ್ರವೂ ಮುಗಿದ ಮೇಲೆ ನಲವತ್ತಮೂರು ಬರೆದರು.

ಪ್ರಮಾಣಪತ್ರವನ್ನು ಎಡಗೈಯಲ್ಲಿ ಹಿಡಿದು ಹೊರಗೆ ಬಂದು ಅತ್ತೆಯ ಮುಂದೆ ನಿಂತ.

"ನಾಳೆಯಿಂದ ಹೋಟ್ಲು ಬೇಡ ಅತ್ತೆ" ಎಂದ.

"ನಾಳೆಯಿಂದ ಯಾಕೆ? ಇವತ್ತೇ ಹೋಗಿಲ್ವಲ್ಲ ನಾನು" ಎಂದು ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಕೆಟ್ ಎತ್ತಿಕೊಂಡರು.

ಸಾಲಿನ ಕೊನೆಯಲ್ಲಿ ಹಳೆಯ ಅಧ್ಯಕ್ಷರು ನಿಂತಿದ್ದರು. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ಕಾಲ ಬಳಿ ಹೊಸ ಬಕೆಟ್ಟು, ಅದರಿಂದ ಹಬೆ ಏಳುತ್ತಿತ್ತು. ಮುಂದಿದ್ದವರು ಅವರನ್ನು ಗುರುತಿಸಿದ ಹಾಗಿರಲಿಲ್ಲ, ಅವರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಗಾಜಣ್ಣ ಈ ದಿನಕ್ಕಾಗಿ ಒಳ್ಳೊಳ್ಳೆಯ ಬೈಗುಳಗಳನ್ನು ಕೂಡಿಟ್ಟಿದ್ದ. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಹೋಗಿ ಆ ನೀರಿಗೆ ಬೆರಳಿಟ್ಟು ಚಟ್ಟನೆ ಹಿಂದಕ್ಕೆಳೆದುಕೊಂಡರು.

"ಅಯ್ಯೋ, ಕುದೀತಿದೆಯಲ್ಲ ಸ್ವಾಮಿ! ಕೈ ಇಟ್ಟು ನೋಡ್ಲಿಲ್ವಾ?"

"ನೋಡ್ದೆ" ಎಂದರು ಹಳೆಯ ಅಧ್ಯಕ್ಷರು. "ಸರಿಯಾಗೇ ಇತ್ತು."

ಅತ್ತೆ ಅವರ ಬಕೆಟ್ಟಿನಿಂದ ಅರ್ಧ ನೀರನ್ನು ಮೋರಿಗೆ ಚೆಲ್ಲಿ, ತಮ್ಮ ಬಕೆಟ್ಟಿನಲ್ಲಿ ಆರಿದ್ದ ನೀರನ್ನು ಅದಕ್ಕೆ ಬೆರೆಸಿ, ಮತ್ತೆ ಬೆರಳಿಟ್ಟು ಹದ ನೋಡಿದರು.

ಗಾಜಣ್ಣನ ಬೈಗುಳಗಳು ಗಂಟಲಲ್ಲೇ ಉಳಿದವು. ಅವನು ಹತ್ತಿರ ಹೋಗಿ, ಉಳಿದವರಿಗೆ ಕೇಳದಂತೆ ಮೆಲ್ಲಗೆ ಹೇಳಿದ.

"ಸಾರ್, ಒಳಗೆ ಹೋಗೋ ಮುಂಚೆ ಕೈನ ಜೇಬಿಂದ ತೆಗೀರಿ. ಜೇಬಿಗೆ ಒಂದು ಪರ್ಸೆಂಟ್ ಕಳೀತಾರೆ."